ಆಳು ಬಂದ್ವು, ಮಂದಿ ಬಂದ್ರು

ಮಾನಪತ್ರದ ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆ. ಈ ತಿಂಗಳ ಕೊನೆಗೆ ನಮ್ಮ ಕಚೇರಿಯ ಕಾಕಾ ನಿವೃತ್ತರಾಗುತ್ತಾರೆ. ಮಾನ್ವಿಯಲ್ಲಿ ಸೇರಿ, ದೇವದುರ್ಗದಲ್ಲಿ ಬಹಳ ವರ್ಷ ಇದ್ದು, ಕೊನೆಗೆ ರಾಯಚೂರಿಗೆ ಬಂದವರು. ಒಟ್ಟು 33 ವರ್ಷದ ನೌಕರಿ. ಬೀಳ್ಕೊಡುಗೆ ದಿನ ಓದಲಿಕ್ಕೆ ನಾಲ್ಕು ಮಾತು ಬರೆದುಕೊಡಿ ಎಂದು ಎಲ್ಲರೂ ಸೇರಿ ನನಗೆ ಹೇಳಿದರು. ‘33 ವರ್ಷ ನಿಷ್ಠೆಯಿಂದ … ಆಗಿ ಸೇವೆ ಸಲ್ಲಿಸಿದ ಶ್ರೀಯುತರು’ ಎಂದು ಶುರು ಮಾಡಿದೆ. ಆ ‘ಆಗಿ’ಯ ಹಿಂದೆ ಏನು ಹಾಕುವುದು?

ಸೇವಾ ಪುಸ್ತಕದಲ್ಲಿ ‘ಗ್ರೂಪ್ ಡಿ’ ಎಂದಿದೆ. ಅದೊಂದು ಅಕ್ಷರ ಅಷ್ಟೇ. ‘ಜವಾನ’ ಎಂದು ಬರೆದು ಹೊಡೆದುಹಾಕಿದೆ. ‘ಸಿಪಾಯಿ’ ಎಂದು ಬರೆದೆ. ನಮ್ಮ ಕಡೆ ಬಾಯಲ್ಲಿ ಓಡಾಡುವುದು ಅದೇ. ಆದರೆ ಕಟ್ಟು ಹಾಕಿಸಿ ಮನೆಯ ಗೋಡೆಗೆ ತೂಗುಬಿಡುವ ಕಾಗದ ಇದು. ಕಾಕಾನ ಮಗಳು ಶಾಲಾ ಶಿಕ್ಷಕಿ. ಅವಳ ಮನೆಗೆ ಬಂದುಹೋಗುವವರು ಇದನ್ನು ಓದುತ್ತಾರೆ. ‘ಅಧೀನ ಸಿಬ್ಬಂದಿ’, ‘ಕೈಕೆಳಗಿನ ನೌಕರ’, ‘ಸಹಾಯಕ’, ಒಂದೊಂದನ್ನೂ ಬರೆದು ನೋಡಿದೆ. ಯಾವುದೂ ಕೂರಲಿಲ್ಲ. ಆ ಖಾಲಿ ಜಾಗವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮೂರು ವಾರ ಓಡಾಡಿದಾಗ ಕಿವಿಗೆ ಬಿದ್ದದ್ದು, ಕಣ್ಣಿಗೆ ಕಂಡದ್ದು ಇಲ್ಲಿದೆ.

ಮಾನ್ವಿ ರಸ್ತೆ, ಬೆಳಗಿನ ಎಂಟು ಗಂಟೆ

ರಸ್ತೆ ಪಕ್ಕದ ಹತ್ತಿ ಹೊಲ. ಟಂಟಂ ಬಂದು ನಿಂತಿತು. ತಲೆಗೆ ಟವೆಲ್ ಸುತ್ತಿಕೊಂಡು, ಸೀರೆಯ ಮೇಲೆ ಗಂಡಸರ ಹಳೇ ಅಂಗಿ ತೊಟ್ಟ ಹೆಂಗಸರು ಬುತ್ತಿಗಂಟು ಹಿಡಿದು ಇಳಿದರು. ಹೊಲದ ಯಜಮಾನ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ: “ಹದಿನಾಕಾಳು ಬಂದಾವ್ರಿ. ಇನ್ನ ಆರಾಳು ಬೇಕು.” ಮಧ್ಯಾಹ್ನ ಅದೇ ದಾರಿಯಲ್ಲಿ ವಾಪಸು ಬರುವಾಗ ಅವನು ಬೇವಿನ ಮರದ ಕೆಳಗೆ ನಿಂತಿದ್ದ. ಮತ್ತೆ ಫೋನು. “ಈಗ ಬ್ಯಾಡ, ಮಂದಿ ಉಣ್ಣಾಕ ಕುಂತಾರ.”

ಬೆಳಿಗ್ಗೆ ‘ಆಳು ಬಂದಾವ’, ಮಧ್ಯಾಹ್ನ ‘ಮಂದಿ ಕುಂತಾರ’. ಅದೇ ಬಾಯಿ, ಅದೇ ಹದಿನಾಲ್ಕು ಹೆಂಗಸರು. ಬೆಳಿಗ್ಗೆ ಎತ್ತು ಬಂದಾವ, ಚೀಲ ಬಂದಾವ ಎನ್ನುವಾಗಿನ ಕ್ರಿಯಾಪದ. ಉಣ್ಣಲು ಕೂತಾಗ ಅವರಿಗೆ ಮನುಷ್ಯರ ಕ್ರಿಯಾಪದ ಸಿಕ್ಕಿತು. ನಾನು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದ ಮಾತು ಇದು. ಒಂದು ದಿನವೂ ಹೀಗೆ ಕೇಳಿರಲಿಲ್ಲ.

ಎಣಿಕೆಯಲ್ಲೂ ಅದೇ ಕಥೆ. ಮನೆಗೆ ಬೀಗರು ಬಂದರೆ ಇಬ್ಬರು, ಮೂವರು. ಹೊಲಕ್ಕೆ ಬಂದರೆ ಎರಡಾಳು, ಮೂರಾಳು. ‘ಇಬ್ಬರು ಆಳು’ ಎಂದು ನಮ್ಮ ಕಡೆ ಯಾರೂ ಅನ್ನುವುದಿಲ್ಲ. ಅಂದರೆ ಕಿವಿಗೆ ತಪ್ಪಾಗಿ ಕೇಳುತ್ತದೆ. ನಿಘಂಟಿನಲ್ಲಿ ‘ಆಳು’ ಪದಕ್ಕೆ ಸೇವಕ, ಕೆಲಸಗಾರ, ಯೋಧ, ವ್ಯಕ್ತಿ ಎಂಬ ಅರ್ಥಗಳಿವೆ. ಅದಕ್ಕೆ ಯಾವ ಸಂಖ್ಯೆ ಕಟ್ಟುತ್ತೇವೆ, ಯಾವ ಕ್ರಿಯಾಪದ ಕಟ್ಟುತ್ತೇವೆ ಎಂಬುದು ಅರ್ಥದ ಸಾಲಿನಲ್ಲಿ ಬರುವುದಿಲ್ಲ. ಪದದ ಒಳಗಿನ ಮರ್ಯಾದೆ ಇರುವುದು ಅಲ್ಲಿ.

ನನಗೆ ನಾನೇ ಒಂದು ಎದುರು ಮಾತು ಬರೆದುಕೊಳ್ಳಬೇಕು. ಕೂಸು, ಮಗು ಇವಕ್ಕೂ ನಾವು ನಪುಂಸಕವನ್ನೇ ಹಚ್ಚುತ್ತೇವೆ: ಕೂಸು ಮಲಗೇತಿ, ಮಗು ನಕ್ಕಿತು. ಅಲ್ಲಿ ಅದು ಅಕ್ಕರೆ. ಹಾಗಾಗಿ ನಪುಂಸಕ ಎಂದರೆ ತಾತ್ಸಾರ ಎಂದು ಗೆರೆ ಎಳೆಯಲಾರೆ. ಆದರೆ ಕೂಸು ಬೆಳೆಯುತ್ತದೆ. ಐದಾರು ವರ್ಷಕ್ಕೆ ‘ಬಂದ’, ‘ಬಂದಳು’ ಆಗುತ್ತದೆ. ಆ ಹದಿನಾಲ್ಕು ಮಂದಿಯಲ್ಲಿ ಮೊಮ್ಮಕ್ಕಳನ್ನು ಕಂಡವರಿದ್ದರು.

ಅದೇ ಪದ, ಮನೆಯಲ್ಲಿ ಕೂತು

ಆಳು ಎಂದರೆ ಸೇವಕ. ಆಳು ಎಂದರೆ ರಾಜ್ಯವಾಳು, ಅಧಿಕಾರ ನಡೆಸು. ನಾಮಪದವಾದಾಗ ಕೆಳಗೆ, ಕ್ರಿಯಾಪದವಾದಾಗ ಮೇಲೆ. ಕನ್ನಡದಲ್ಲೂ ತಮಿಳಿನಲ್ಲೂ ಈ ಜೋಡಿ ಇದೆ. ಎರಡೂ ಒಂದೇ ಬೇರಿನವೋ ಬೇರೆಯೋ ಎಂಬುದು ಭಾಷಾಶಾಸ್ತ್ರಜ್ಞರ ಮಾತು. ಆದರೆ ಗಾದೆ ಕಟ್ಟಿದವರ ಕಿವಿಗೆ ಇದು ಹೊಳೆದಿರಲೇಬೇಕು. ‘ಆಳಾಗಬಲ್ಲವನೇ ಅರಸಾಗಬಲ್ಲ’ ಎಂದರು, ‘ಆಳಾಗಿ ದುಡಿ, ಅರಸಾಗಿ ಉಣ್ಣು’ ಎಂದರು. ಮಧ್ಯಾಹ್ನದ ಆ ಬೇವಿನ ಮರದ ಕೆಳಗೆ ಎರಡನೆಯ ಗಾದೆ ನೆನಪಾಯಿತು. ದುಡಿಯುವಾಗ ಆಳು, ಉಣ್ಣುವಾಗ ಮಂದಿ.

‘ಆಳೆತ್ತರದ ಗೋಡೆ’ ಎನ್ನುತ್ತೇವೆ. ‘ಬಾವಿ ಎರಡಾಳು ಆಳ’ ಎನ್ನುತ್ತೇವೆ. ಅಲ್ಲಿ ಆಳು ಯಾರ ಕೈಕೆಳಗಿನವನೂ ಅಲ್ಲ, ಬರೀ ಮನುಷ್ಯ. ಮನುಷ್ಯನ ಎತ್ತರವೇ ಅಳತೆಗೋಲು. ಹಾಗಿದ್ದ ಪದ ಯಾವಾಗಲೋ ಕೂಲಿಯ ಲೆಕ್ಕಕ್ಕೆ ಇಳಿದು ಅಲ್ಲೇ ಉಳಿಯಿತು. ಗಂಡಾಳಿಗೆ ಇಷ್ಟು, ಹೆಣ್ಣಾಳಿಗೆ ಇಷ್ಟು ಎಂದು ಲೆಕ್ಕ ಹಾಕುವಾಗ ಹೆಣ್ಣಾಳಿನ ಅಂಕಿ ಸಣ್ಣದಿರುತ್ತದೆ. ಅದನ್ನು ಇಷ್ಟು ಸಲೀಸಾಗಿ ಹೇಳಲು ಬರುವುದು ಪದದ ಸಹಾಯದಿಂದಲೇ. ‘ಗಂಡಸಿಗೆ ಇಷ್ಟು, ಹೆಂಗಸಿಗೆ ಇಷ್ಟು’ ಎಂದು ಬಾಯಿಬಿಟ್ಟು ಹೇಳಿದರೆ ಕೇಳಿದವರು ಯಾಕೆ ಎಂದು ಕೇಳಿಯಾರು.

ರಾಯಚೂರು ಬಸ್ ನಿಲ್ದಾಣದ ಬಳಿ, ಚಹಾ ಅಂಗಡಿ

ಗದ್ವಾಲ ಕಡೆಯ ಹುಡುಗನಿರಬೇಕು, ಫೋನಿನಲ್ಲಿ ತೆಲುಗು. “ಜೀತಂ ಪಡಿಂದಿ” ಎಂದು ಮನೆಗೆ ಹೇಳಿದ. ಸಂಬಳ ಬಿತ್ತು ಎಂದು. ದನಿಯಲ್ಲಿ ಖುಷಿ. ನನ್ನ ಪಕ್ಕ ದೇವದುರ್ಗದ ಕಡೆಯ ಮುದುಕಪ್ಪ ಒಬ್ಬರು ಬಸ್ಸಿಗೆ ಕಾಯುತ್ತಾ ಕೂತಿದ್ದರು. ತಲೆ ಎತ್ತಿದರು. “ಯಾರ ಜೀತರಿ ಈಗ?”

ತೆಲುಗಿನಲ್ಲಿ ಜೀತಂ ಎಂದರೆ ಸಂಬಳ, ಈಗಲೂ. ಬ್ಯಾಂಕ್ ಮ್ಯಾನೇಜರನಿಗೂ ಜೀತಂ, ಕಲೆಕ್ಟರಿಗೂ ಜೀತಂ. ಕನ್ನಡದ ಜೀತಕ್ಕೂ ಹಳೆಯ ಅರ್ಥ ಅದೇ. ‘ಜೀವಿತ’ ಎಂಬುದರ ತದ್ಭವ ಅದು. ಬದುಕಿಗೆ ಆಧಾರವಾದದ್ದು, ದುಡಿಮೆಗೆ ಸಿಗುವ ಪ್ರತಿಫಲ. ಕಿಟೆಲ್ಲರ 1894ರ ನಿಘಂಟಿನಲ್ಲಿ ಜೀತಕ್ಕೆ ವೇತನ ಎಂಬ ಅರ್ಥವೇ ಇದೆ. ಆಮೇಲೆ ಸಾಲಕ್ಕೆ ಮೈಯೊತ್ತೆ ಇಡುವ ಪದ್ಧತಿಯೊಂದಿಗೆ ಆ ಪದ ಎಷ್ಟು ಗಟ್ಟಿಯಾಗಿ ಅಂಟಿಕೊಂಡಿತೆಂದರೆ, 1976ರ ಜೀತ ಪದ್ಧತಿ ರದ್ದು ಕಾಯ್ದೆಗೆ ಕನ್ನಡದಲ್ಲಿ ಬೇರೆ ಹೆಸರೇ ಇರಲಿಲ್ಲ. ಗಡಿಯ ಆಚೆ ತಿಂಗಳ ಮೊದಲ ದಿನದ ಸಂತೋಷ, ಈಚೆ ಕಾನೂನಿನಲ್ಲಿ ಅಪರಾಧ.

ಮುದುಕಪ್ಪ ಹೇಳಿದರು: ಹನ್ನೆರಡನೇ ವರ್ಷಕ್ಕೆ ಅಪ್ಪ ತಂದು ಗೌಡರ ಮನೆಯಲ್ಲಿ ಬಿಟ್ಟ. ಯುಗಾದಿಯಿಂದ ಯುಗಾದಿಗೆ ಲೆಕ್ಕ. ಜೋಳ, ಒಂದು ಕಂಬಳಿ, ಒಂದು ಜೊತೆ ಮೆಟ್ಟು. “ಸಂಬಳಕ್ಕ ಇದ್ದೆ ಅಂತಿದ್ದೆ ನಾನು. ಊರವರು ಜೀತಕ್ಕ ಇದ್ದಾನ ಅಂತಿದ್ರು. ಸಂಬಳ ಅಂದ್ರ ಅವ್ವಗ ಸಮಾಧಾನ.” ಹನ್ನೆರಡು ವರ್ಷದ ಹುಡುಗ ಅವ್ವನ ಸಮಾಧಾನಕ್ಕೆ ಪದ ಆರಿಸಿಕೊಂಡಿದ್ದ. ಸಂಸ್ಕೃತದ ಶಂಬಲ ಎಂದರೆ ದಾರಿಬುತ್ತಿ. ಅದೇ ನಮ್ಮ ಸಂಬಳ ಆಗಿದೆ. ಇದನ್ನು ಅವರಿಗೆ ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಬಸ್ಸು ಬಂತು.

ಕಚೇರಿಯ ಪದಗಳು

1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ದಫ್ತರ, ಪೇಶಕಾರ, ಗಿರ್ದಾವರ, ಚಪರಾಸಿ ಎಲ್ಲ ಆಗಿನ ಆಡಳಿತದ ಉರ್ದುವಿನಲ್ಲಿ ಬಂದು ಉಳಿದವು. ಕೈಕೆಳಗಿನವರಿಗೆ ‘ಮಾತಹತ್’ ಎನ್ನುತ್ತಿದ್ದರು. ಅದರ ಅರ್ಥವೂ ಕೆಳಗಿರುವವ ಎಂದೇ.

ಒಂದೊಂದನ್ನೂ ಹಿಂದಕ್ಕೆ ಹಿಡಿದುಕೊಂಡು ಹೋದರೆ ವಿಚಿತ್ರ ಜಾಗಕ್ಕೆ ಕರೆದೊಯ್ಯುತ್ತವೆ. ಜವಾನ ಎಂದರೆ ಪಾರಸಿಯಲ್ಲಿ ಹರೆಯದವ. ನಮ್ಮ ಯುವನ್, ಯುವಕ ಅದರ ಅಣ್ಣತಮ್ಮಂದಿರು. ಅರವತ್ತಕ್ಕೆ ನಿವೃತ್ತನಾಗುವವನೂ ಜವಾನನೇ. ಚಪರಾಸಿ ಎಂದರೆ ಚಪರಾಸ್, ಅಂದರೆ ಹಿತ್ತಾಳೆಯ ಬಿಲ್ಲೆ ಧರಿಸಿದವ. ಬಿಲ್ಲೆಯೇ ಮನುಷ್ಯನ ಹೆಸರಾಯಿತು. ಸಿಪಾಯಿ ಸೈನಿಕ. ಗುಮಾಸ್ತ ಎಂದರೆ ನೇಮಕಗೊಂಡವ. ನಾವು ಬಹಳ ಸಭ್ಯವೆಂದು ಬಳಸುವ ‘ಸಿಬ್ಬಂದಿ’ ಕಂದಾಯ ವಸೂಲಿಗೆ, ಕಾವಲಿಗೆ ಇಟ್ಟುಕೊಳ್ಳುತ್ತಿದ್ದ ಅನಿಯಮಿತ ಪಡೆಯ ಹೆಸರು.

ನೌಕರ ಎಂಬುದು ನನ್ನನ್ನು ಬಹಳ ಹೊತ್ತು ಹಿಡಿದಿಟ್ಟಿತು. ಅದು ಮಂಗೋಲಿಯಾದಿಂದ ಹೊರಟದ್ದು. ಅಲ್ಲಿ ನೋಕೊರ್ ಎಂದರೆ ಜೊತೆಗಾರ, ಸಂಗಾತಿ. ತನ್ನ ಕುಲ ಬಿಟ್ಟು ಬಂದು ನಾಯಕನ ಜೊತೆ ನಿಂತವನು ನೋಕೊರ್. ಚಿಂಗೀಸ್ ಖಾನನ ಆಪ್ತರು ಅವರೇ. ಪಾರಸಿಗೆ ಬಂದು ನೌಕರ್ ಆಯಿತು, ಹಿಂದುಸ್ತಾನಕ್ಕೆ ಬರುವ ಹೊತ್ತಿಗೆ ಜೊತೆಯಲ್ಲಿದ್ದವನು ಕೆಳಗಿನವನಾಗಿದ್ದ. ಒಂದು ದೊಡ್ಡ ಖಂಡದ ಆ ತುದಿಯಿಂದ ಈ ತುದಿಗೆ ನಡೆದು ಬರುವಷ್ಟರಲ್ಲಿ ಪದದ ಮೈಯಿಂದ ಸ್ನೇಹ ಉದುರಿಹೋಯಿತು. ನನಗೆ ನಿಜವಾಗಿ ದುಃಖವಾಯಿತು.

‘ಅಧೀನ’ದ್ದು ಬೇರೆ ಸಮಸ್ಯೆ. ಅಧಿಕಾರಿಯ ‘ಅಧಿ’ಯೂ ಅಧೀನದ ‘ಅಧಿ’ಯೂ ಒಂದೇ ಉಪಸರ್ಗ, ಮೇಲೆ ಎಂಬ ಅರ್ಥದ್ದು. ನಮ್ಮ ಕಚೇರಿಯಲ್ಲಿ ಅಧೀನ ಎಂದರೆ ಕಾಕಾ. ವಿಧಾನಸೌಧದಲ್ಲಿ ‘ಅಧೀನ ಕಾರ್ಯದರ್ಶಿ’ ಎಂದರೆ ನಾವು ಬಾಗಿಲ ಹೊರಗೆ ಚೀಟಿ ಕೊಟ್ಟು ಕಾಯಬೇಕಾದ ಅಧಿಕಾರಿ.

ಕೇಂದ್ರ ಸರ್ಕಾರದವರು ಆರನೇ ವೇತನ ಆಯೋಗದ ನಂತರ, 2008ರ ಹೊತ್ತಿಗೆ, ಗ್ರೂಪ್ ಡಿ ಎಂಬುದನ್ನೇ ತೆಗೆದು ಆ ನೌಕರರನ್ನು ಸಿ ಗುಂಪಿಗೆ ಸೇರಿಸಿದರು. ನಮ್ಮಲ್ಲಿ ಡಿ ಉಳಿದಿದೆ. “ಡಿ ಗ್ರೂಪಿನವರನ್ನ ಕಳಸ್ರಿ” ಎಂದು ನಾನೇ ದಿನಕ್ಕೆ ಎಷ್ಟು ಸಲ ಹೇಳುತ್ತೇನೋ.

ಕಾಕಾ ಎಂಬ ಕರೆ

ನಮ್ಮ ಕಚೇರಿಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರಿಲ್ಲ. ಎಲ್ಲರಿಗೂ ಕಾಕಾ. ಅಪ್ಪನ ತಮ್ಮ. ಕೇಳಲು ಚೆಂದ. ಆದರೆ ಕಿವಿಗೊಟ್ಟು ಕೇಳಿದರೆ, “ಕಾಕಾ, ನೀರು ಕೊಡ್ರಿ” ಎನ್ನುವವರು ಮೂವರು. “ಕಾಕಾ, ನೀರು ಕೊಡು” ಎನ್ನುವವರು ಒಂಬತ್ತು ಮಂದಿ. ಅವರಲ್ಲಿ ಕೆಲವರು ಕಾಕಾನ ಮಗಳ ವಯಸ್ಸಿನವರು. ನಾನು ಹೊಸದಾಗಿ ಸೇರಿದಾಗ ‘ಕೊಡು’ ಎನ್ನುತ್ತಿದ್ದೆ. ಎಂದು ‘ಕೊಡ್ರಿ’ ಆಯಿತು ನೆನಪಿಲ್ಲ.

ನಮ್ಮ ಊರ ಕಡೆ ‘ರೀ’ ಎಂಬ ಒಂದು ಅಕ್ಷರ ಮಾಡುವ ಕೆಲಸವನ್ನು ಯಾವ ಪದನಾಮವೂ ಮಾಡಲಾರದು. ಸ್ವಂತ ಕಾಕಾನಿಗೆ ‘ನೀನು’ ಎನ್ನುವ ಮನೆಗಳಿವೆ, ಅಲ್ಲಿ ಅದು ಸಲುಗೆ. ಕಚೇರಿಯಲ್ಲಿ ನೆಂಟಸ್ತಿಕೆಯ ಹೆಸರು ಮೊದಲು ಬರುತ್ತದೆ, ಅದರ ಹಿಂದೆ ಏಕವಚನ ಸಲೀಸಾಗಿ ನುಸುಳುತ್ತದೆ. ಮಾರುತ್ತರ ಮಾತ್ರ ಯಾವಾಗಲೂ “ಬಂದೆರೀ, ತಂದೆರೀ.” ಅಂಗಡಿಗಳಲ್ಲಿ ಇದೇ ಮಾತು ಇನ್ನೊಂದು ರೂಪದಲ್ಲಿ: “ನಮ್ಮ ಹುಡುಗನ್ನ ಕಳಸ್ತೀನಿ” ಎನ್ನುತ್ತಾರೆ, ಚೀಲ ಹೊತ್ತು ಬರುವವರ ಮೀಸೆ ಪೂರ್ತಿ ಬೆಳ್ಳಗಿರುತ್ತದೆ.

ಕೋಟೆಯ ಕಲ್ಲು

ಭಾನುವಾರ ರಾಯಚೂರು ಕೋಟೆಗೆ ಹೋಗಿದ್ದೆ. ಗೋಡೆಯಲ್ಲಿ ಕೂರಿಸಿದ ಒಂದೇ ಕಲ್ಲು, ಉದ್ದ ಸುಮಾರು 41 ಅಡಿ. 1294ರ ತೆಲುಗು ಶಾಸನ ಅದರ ಮೇಲಿದೆ. ಕೋಟೆ ಕಟ್ಟಿಸಿದ ಗೋರೆ ಗಂಗಯ್ಯ ರೆಡ್ಡಿಯ ಹೆಸರನ್ನು ಹೇಳುತ್ತದೆ. ಈ ಕಲ್ಲಿನ ವಿಶೇಷವೆಂದರೆ ಇದನ್ನು ತಂದದ್ದು ಹೇಗೆಂಬುದನ್ನೂ ಕೆತ್ತಿದ್ದಾರೆ. ಉದ್ದನೆಯ ಬಂಡಿ, ಅದರ ಮೇಲೆ ಈ ಕಲ್ಲು, ಮುಂದೆ ಕೋಣಗಳ ದೊಡ್ಡ ಸಾಲು, ನಡುನಡುವೆ ಹೊಡೆಯುವವರು, ಗಾಲಿಗೆ ಸನಿಕೆ ಕೊಟ್ಟು ತಳ್ಳುವವರು.

ಅಕ್ಷರದಲ್ಲಿ ಅಧಿಕಾರಿ ಇದ್ದಾನೆ. ತಂದವರು ಚಿತ್ರದಲ್ಲಿದ್ದಾರೆ. ಅವರಿಗೆ ಯಾವ ಪದವನ್ನೂ ಕೊಟ್ಟಿಲ್ಲ. ಆದರೆ ಒಬ್ಬೊಬ್ಬನ ಮೈಯ ಬಾಗು ಬೇರೆ ಬೇರೆ. ಗಾಲಿಗೆ ಹೆಗಲು ಕೊಟ್ಟವನ ಬೆನ್ನನ್ನು ಕೆತ್ತಿದ ಶಿಲ್ಪಿ ಅದನ್ನು ಕಂಡವನೇ. ಏಳು ನೂರು ವರ್ಷದ ಹಿಂದೆ ಯಾರೋ ಆ ಗೋಡೆಯ ಮೇಲೆ ಇವರಿಗೂ ಜಾಗ ಬೇಕು ಎಂದುಕೊಂಡಿದ್ದಾರೆ. ಆಳು ಎಂದೂ ಬರೆಯದೆ, ಮಂದಿ ಎಂದೂ ಬರೆಯದೆ, ಮಾಡಿದ ಕೆಲಸವನ್ನು ಮಾತ್ರ ತೋರಿಸಿದ್ದಾರೆ. ಅಲ್ಲಿ ಬಹಳ ಹೊತ್ತು ನಿಂತಿದ್ದೆ.

ನಮ್ಮದೇ ಜಿಲ್ಲೆಯ ಮಸ್ಕಿಯಲ್ಲಿ ಇದಕ್ಕಿಂತ ಹದಿನೈದು ಶತಮಾನ ಹಳೆಯ ಬರಹವಿದೆ. ಗಣಿ ಎಂಜಿನಿಯರ್ ಬೀಡನ್ 1915ರಲ್ಲಿ ಕಂಡ ಅಶೋಕನ ಶಾಸನ. ಶಾಲೆಯ ಪುಸ್ತಕಗಳಲ್ಲಿ ಅದು ಅಶೋಕ ಎಂಬ ಹೆಸರು ಸಿಕ್ಕಿದ ಕಲ್ಲು. ಅದರಲ್ಲಿ ಇನ್ನೊಂದು ಜೋಡಿಯೂ ಇದೆ: ಖುದಕ, ಉಡಾಲಕ. ಸಣ್ಣವರು, ದೊಡ್ಡವರು. ಈ ಧರ್ಮ ದೊಡ್ಡವರಿಗೆ ಮಾತ್ರ ಎಟುಕುವುದೆಂದು ಭಾವಿಸಬಾರದು, ಸಣ್ಣವರಿಗೂ ಹೇಳಬೇಕು ಎಂಬುದು ಅಲ್ಲಿನ ತಾತ್ಪರ್ಯ. ಸಣ್ಣವರಿಗೊಂದು ಪದ ನಮ್ಮ ನೆಲದ ಮೊದಲ ಬರಹದಲ್ಲೇ ಇದೆ.

ಗಂಜ್

ರಾಜೇಂದ್ರ ಗಂಜಿನಲ್ಲಿ ಹತ್ತಿಯ ಆವಕ ಶುರುವಾಗಿದೆ. ಅಡತಿ ಅಂಗಡಿಯಲ್ಲಿ ಮುನೀಮ, ದಲಾಲಿ, ಹೊರಗೆ ಹಮಾಲರು. ಹಮಾಲ ಅರಬ್ಬೀ ಪದ, ಹೊರುವವ ಎಂದರ್ಥ. ಮಾಡುವ ಕೆಲಸವನ್ನೇ ಹೇಳುತ್ತದೆ, ಯಾರ ಕೆಳಗೆ ಎಂದು ಹೇಳುವುದಿಲ್ಲ. ಅದಕ್ಕೇ ಇರಬೇಕು, ಹಮಾಲರು ಆ ಪದವನ್ನು ತಮ್ಮ ಸಂಘದ ಬೋರ್ಡಿನ ಮೇಲೆ ಬರೆಸಿಕೊಳ್ಳಲು ಹಿಂಜರಿಯುವುದಿಲ್ಲ. “ಹತ್ತು ಮಂದಿ ಹಮಾಲರು ಅದಾರ” ಎನ್ನುತ್ತಾರೆ. ‘ಹಮಾಲು ಅದಾವ’ ಅನ್ನಲು ಬರುವುದೇ ಇಲ್ಲ. ಪದ ಬೇರೆ ಆದ ತಕ್ಷಣ ಕ್ರಿಯಾಪದ ನೆಟ್ಟಗಾಯಿತು.

ಲಾರಿ ಹೋದ ಮೇಲೆ ಚೆಲ್ಲಿದ ಕಾಳು ಗುಡಿಸಿ ಕೂಡಿಸುವ ಹೆಂಗಸರಿದ್ದಾರೆ. ಅವರಿಗೇನನ್ನುತ್ತಾರೆ ಎಂದು ಒಬ್ಬ ಮುನೀಮರನ್ನು ಕೇಳಿದೆ. ತಡವರಿಸಿದರು. “ಏನಂತೀವ್ರಿ… ಬರ್ತಾರಲ್ರಿ ಅವರು.” ಪದವಿಲ್ಲ.

ಪದವಿತ್ತು. ಇಲ್ಲಿಂದ ಬಹಳ ದೂರವೇನಲ್ಲ, ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರ, ಆಯ್ದಕ್ಕಿ ಮಾರಯ್ಯ–ಲಕ್ಕಮ್ಮರ ಊರು. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣಕ್ಕೆ ಹೋಗಿ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದನ್ನೇ ಕಾಯಕ ಮಾಡಿಕೊಂಡರು. ಒಂದು ದಿನ ಮಾರಯ್ಯ ಹೆಚ್ಚು ಅಕ್ಕಿ ತಂದರೆ, ಇಷ್ಟು ನಮಗೆ ಬೇಡ, ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಎಂದಳು ಲಕ್ಕಮ್ಮ. ಆಯ್ದಕ್ಕಿ ಎಂಬುದು ಅವರ ಹೆಸರಿನ ಮುಂದೆ ಬಿರುದಿನಂತೆ ನಿಂತಿದೆ. ಗಂಜಿನ ಆ ಹೆಂಗಸರ ಕೆಲಸ ಅದೇ.

ಚೀಕಲಪರ್ವಿ, ಮೊಸರಕಲ್ಲು, ಮಾನ್ವಿ

ಕೆಲಸದ ಮೇಲೆ ಮಾನ್ವಿಗೆ ಹೋದವನು ಸಂಜೆ ಜಗನ್ನಾಥದಾಸರ ಮಂದಿರದಲ್ಲಿ ಕೂತೆ. ಅಲ್ಲಿ ಕೂತಾಗಲೇ ಹೊಳೆದದ್ದು: ನಾನು ಹುಡುಕುತ್ತಿರುವ ಅರ್ಥದ ಎಲ್ಲ ಪದಗಳಲ್ಲಿ ಅತಿ ಕೆಳಗಿನದು ‘ದಾಸ’. ಸೇವಕನಿಗಿಂತ ಕೆಳಗೆ. ಸ್ವಂತದ್ದೆಂಬುದು ಏನೂ ಇಲ್ಲದವ. ಆ ಪದವೇ ನಮ್ಮ ಎರಡು ತಾಲ್ಲೂಕುಗಳಲ್ಲಿ ಅತಿ ಎತ್ತರದ ಬಿರುದು.

ವಿಜಯದಾಸರು ಹುಟ್ಟಿದ್ದು ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯಲ್ಲಿ, ತುಂಗಭದ್ರೆಯ ದಂಡೆಗೆ. ಅವರ ಶಿಷ್ಯ ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ಹರಿಕಥಾಮೃತಸಾರ ಬರೆದ ಜಗನ್ನಾಥದಾಸರು ಮಾನ್ವಿ ತಾಲ್ಲೂಕಿನ ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದರು. ಹದಿನೆಂಟನೇ ಶತಮಾನದಲ್ಲಿ ಈ ಮೂವರೂ ಇದೇ ಸೀಮೆಯವರು.

ಜಗನ್ನಾಥದಾಸರು ಮೊದಲು ಶ್ರೀನಿವಾಸಾಚಾರ್ಯರು, ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡುವ ದಾಸರೆಂದರೆ ಅವರಿಗೆ ಸಸಾರ. ವಿಜಯದಾಸರು ಊಟಕ್ಕೆ ಕರೆದರೆ ಹೊಟ್ಟೆನೋವೆಂದು ಸುಳ್ಳು ಹೇಳಿ ತಪ್ಪಿಸಿಕೊಂಡರಂತೆ. ನಿಜವಾದ ಹೊಟ್ಟೆನೋವೇ ಹಿಡಿಯಿತಂತೆ. ಕೊನೆಗೆ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷ ಕೊಟ್ಟು ಬದುಕಿಸಿದರೆಂದು ಭಕ್ತರು ಹೇಳುತ್ತಾರೆ. ಆಚಾರ್ಯ ಎಂಬುದನ್ನು ಬಿಟ್ಟು ದಾಸ ಎಂಬುದನ್ನು ಹಾಕಿಕೊಂಡರು. ಹುದ್ದೆಯ ಲೆಕ್ಕದಲ್ಲಿ ಮೇಲಿನಿಂದ ಕೆಳಕ್ಕೆ ಇಳಿದದ್ದು. ಜನ ಅದನ್ನು ಏರಿದ್ದು ಎಂದೇ ತಿಳಿದರು, ಇವತ್ತಿಗೂ ಹಾಗೇ ತಿಳಿಯುತ್ತಾರೆ. ‘ದಾಸರು ಬಂದರು’ ಎಂದೇ ಮಾತು. ಕ್ರಿಯಾಪದ ಎದ್ದು ನಿಲ್ಲುತ್ತದೆ.

ಕಂಬಕ್ಕೆ ಒರಗಿ ಕೂತು ಯೋಚಿಸಿದೆ. ಅದೇ ಅರ್ಥದ ಪದ ಒಬ್ಬರ ತಲೆಯ ಮೇಲೆ ಕಿರೀಟ, ಇನ್ನೊಬ್ಬರ ತಲೆಯ ಮೇಲೆ ಹೊರೆ ಯಾಕಾಗುತ್ತದೆ? ದೇವರ ದಾಸ, ಮನುಷ್ಯರ ದಾಸನಲ್ಲ ಎಂಬುದು ಒಂದು ಉತ್ತರ. ನನಗೆ ಅದು ಪೂರ್ತಿ ಸಾಲುವುದಿಲ್ಲ. ಶ್ರೀನಿವಾಸಾಚಾರ್ಯರಿಗೆ ಬೇರೆ ಹೆಸರು ಇತ್ತು, ಅದನ್ನು ಇಟ್ಟುಕೊಳ್ಳಬಹುದಿತ್ತು, ಬೇಡವೆಂದು ಬಿಟ್ಟರು. ಕೈಯಾರೆ ಎತ್ತಿಕೊಂಡ ಪದ ಅದು. ಬಸ್ ನಿಲ್ದಾಣದ ಮುದುಕಪ್ಪನಿಗೆ ಹನ್ನೆರಡನೇ ವಯಸ್ಸಿನಲ್ಲಿ ಊರವರು ಪದ ಹೊರಿಸಿದರು. ಬೇರೆ ಪದ ತನ್ನದೆಂದು ಅವನು ಹೇಳಿದರೂ ಯಾರೂ ಕೇಳಲಿಲ್ಲ.

ನಾನು ಬರೆಯಬೇಕಾದ ಪದವನ್ನು ಕಾಕಾನನ್ನೇ ಕೇಳದೆ ಮೂರು ವಾರ ಊರೆಲ್ಲ ಹುಡುಕುತ್ತಿದ್ದೇನೆ ಎಂಬುದು ಆಗ ಅರಿವಿಗೆ ಬಂತು.

ಮೆತ್ತನೆಯ ಪದಗಳು

ಕಾಕಾನನ್ನು ಕೇಳಿದ್ದು ಹೇಳುವ ಮೊದಲು ಇದನ್ನು ಬರೆದಿಡಬೇಕು. ಹೊಸ ಪದ ಕಟ್ಟಿದರೆ ಸಾಕೇ? ನಮ್ಮ ಜಿಲ್ಲೆ 2006ರ ಫೆಬ್ರುವರಿಯಲ್ಲಿ ಉದ್ಯೋಗ ಖಾತ್ರಿ ಶುರುವಾದ ಮೊದಲ ಜಿಲ್ಲೆಗಳಲ್ಲೊಂದು. ಕೆಲಸದ ಜಾಗದಲ್ಲಿ ಹಾಜರಿ ಹಿಡಿಯುವ ಮೇಟ್‌ಗೆ ಕರ್ನಾಟಕದಲ್ಲಿ ‘ಕಾಯಕ ಬಂಧು’ ಎಂದು ಹೆಸರಿಟ್ಟರು. ಅದು ನಿಜಕ್ಕೂ ಒಳ್ಳೆಯ ಪದ. ಮೇಸ್ತ್ರಿಯ ಜಾಗದಲ್ಲಿ ಬಂಧು. ಒಬ್ಬ ಹೆಣ್ಣುಮಗಳು ಆ ಕೆಲಸ ಮಾಡುವುದನ್ನು ನೋಡಿದ್ದೇನೆ. ಕೆರೆ ಹೂಳಿನ ಮಧ್ಯೆ ನಿಂತು ಒಬ್ಬೊಬ್ಬರ ಹೆಸರು ಕೂಗಿ ಬರೆದುಕೊಳ್ಳುತ್ತಿದ್ದಳು, ‘ಎಷ್ಟಾಳು’ ಎಂದು ಎಣಿಸುತ್ತಿರಲಿಲ್ಲ.

ಪೌರಕಾರ್ಮಿಕ ಎಂಬುದೂ ಹಾಗೆ. ಹಳೆಯ ಜಾತಿವಾಸನೆಯ ಹೆಸರುಗಳನ್ನು ಅದು ಒರೆಸಿತು. ಸೆಪ್ಟೆಂಬರ್ 23ರಂದು ಅವರ ದಿನವೂ ಇದೆ.

‘ಗೌರವಧನ’ದ ಬಗ್ಗೆ ಮಾತ್ರ ನನಗೆ ಸಿಟ್ಟಿದೆ. ಅಂಗನವಾಡಿ ಕಾರ್ಯಕರ್ತೆ, ಸಹಾಯಕಿ, ಆಶಾ, ಬಿಸಿಯೂಟದ ಅಡುಗೆಯವರು, ಇವರೆಲ್ಲರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಹೆಸರಿನಲ್ಲಿ ಗೌರವ ಸೇರಿಸಿದ್ದರಿಂದ ಮೊತ್ತ ಸಣ್ಣದಾಗಿರಬಹುದು ಎಂಬಂತಾಗಿದೆ. ‘ಕಾರ್ಯಕರ್ತೆ’ ಎಂದರೆ ಸ್ವಂತ ಇಚ್ಛೆಯಿಂದ ಬಂದವಳು, ಹಾಗಾಗಿ ನೌಕರಳಲ್ಲ ಎಂಬಂತಾಗಿದೆ. 2022ರ ಏಪ್ರಿಲ್‌ನಲ್ಲಿ ಗುಜರಾತಿನ ಅಂಗನವಾಡಿಯವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗ್ರಾಚ್ಯುಟಿ ಕಾಯ್ದೆಯ ಮಟ್ಟಿಗೆ ಗೌರವಧನವೂ ವೇತನವೇ ಎಂದು ಹೇಳಿತು. ಪದದ ಹೊದಿಕೆ ತೆಗೆದು ಒಳಗಿರುವುದು ಏನೆಂದು ನೋಡಿತು.

ಅದೇ ನ್ಯಾಯಾಲಯ 2024ರ ಫೆಬ್ರುವರಿಯಲ್ಲಿ ವಿಚಾರಣಾ ನ್ಯಾಯಾಲಯಗಳನ್ನು ‘ಕೆಳ ನ್ಯಾಯಾಲಯ’ ಎನ್ನಬೇಡಿ ಎಂದಿತು. ನ್ಯಾಯಾಧೀಶರಿಗೂ ಕೆಳಗಿನವರು ಎನ್ನಿಸಿಕೊಳ್ಳುವುದು ಚುಚ್ಚುತ್ತದೆ ಎಂದರೆ ಕಾಕಾನಿಗೆ ಚುಚ್ಚದೆ ಇರುತ್ತದೆಯೇ.

ದೇವದುರ್ಗ, ರಾತ್ರಿ ಬಸ್ಸು

ಬೆಂಗಳೂರಿಗೆ ಗುಳೆ ಹೊರಟವರು. ಚೀಲ, ಕೊಡ, ಹೊದಿಕೆ, ತೊಡೆಯ ಮೇಲೆ ಮಲಗಿದ ಮಕ್ಕಳು. ಮೂವತ್ತರ ಆಸುಪಾಸಿನ ಒಬ್ಬನ ಜೊತೆ ಮಾತಾಡಿದೆ. ಅಲ್ಲಿ ನಿನ್ನನ್ನು ಏನಂತ ಕರೆಯುತ್ತಾರೆ ಎಂದೆ. “ಲೇಬರ್ ಅಂತಾರ್ರಿ.” ಬೇಸರ ಆಗುವುದಿಲ್ಲವೇ? “ಯಾಕ್ರಿ? ಇಲ್ಲಿ ನಾ ಗೌಡ್ರ ಮನೀ ಆಳು, ನಮ್ಮಪ್ಪನೂ ಅದ, ಮುತ್ತ್ಯಾನೂ ಅದ. ಅಲ್ಲಿ ಆರು ಗಂಟೆಗೆ ಕೈಕಾಲು ತೊಳಕೊಂಡ್ರ ಮುಗೀತು. ಆಮ್ಯಾಲ ನಾ ಲೇಬರ್ ಅಲ್ಲ.”

ನಾನು ಇಂಗ್ಲಿಷ್ ಪದ ಒಣಗಿದ್ದು, ಕನ್ನಡದ ಪದ ಹಸಿಯಾದದ್ದು ಎಂದು ನಂಬಿಕೊಂಡು ಬಂದವನು. ಅವನಿಗೆ ಬೇಕಾದದ್ದು ಆ ಒಣತನವೇ. ಆ ಪದಕ್ಕೆ ಅವನ ಮುತ್ತ್ಯಾ ಯಾರೆಂದು ಗೊತ್ತಿಲ್ಲ. ಸಂಜೆ ಬಿಚ್ಚಿಡಬಹುದು. ಬಸ್ಸು ಹೊರಟ ಮೇಲೆ ನಾನು ಬರೆದುಕೊಂಡ ಹಾಳೆ ತಿರುವಿ ನೋಡಿದೆ. ‘ಆಳು’ ಪದದ ಸುತ್ತ ಬರೆದದ್ದರಲ್ಲಿ ಇದು ಇರಲೇ ಇಲ್ಲ: ಆ ಪದ ರಾತ್ರಿಯೂ ಅಂಟಿಕೊಂಡಿರುತ್ತದೆ ಎಂಬುದು.

ಕಾಕಾನನ್ನು ಕೇಳಿದ್ದು

ಶನಿವಾರ ಮಧ್ಯಾಹ್ನ, ದಫ್ತರ ಕಟ್ಟುತ್ತಿದ್ದರು. ಕೆಂಪು ಬಟ್ಟೆಯ ನಾಲ್ಕು ಮೂಲೆ ಎಳೆದು ಗಂಟು ಹಾಕುವಾಗ ಅವರ ಬೆರಳು ನೋಡದೆಯೇ ಕೆಲಸ ಮಾಡುತ್ತವೆ. ವಿಷಯ ಹೇಳಿದೆ. ಜವಾನ, ಸಿಪಾಯಿ, ಸಹಾಯಕ, ಯಾವುದು ಬರೆಯಲಿ ಎಂದೆ.

“ಯಾವುದರ ಹಾಕ್ರಿ. ಕೀಲಿ ನನ್ನ ಹಂತೇಕ ಇತ್ತು ಅನ್ನೂದು ಬರೀರಿ.”

ಅರ್ಥವಾಗಲಿಲ್ಲ. ಮೆಲ್ಲಗೆ ಹೇಳಿದರು. ಮಾನ್ವಿಯಲ್ಲಿ ಸೇರಿದ ಮೊದಲ ದಿನವೇ ಕಚೇರಿಯ ಕೀಲಿಕೈ ಕೊಟ್ಟರಂತೆ. ಊರಿನ ಯಾವ ಮನೆಯಲ್ಲೂ ಅವರಿಗೆ ಕೀಲಿ ಕೊಟ್ಟವರಿರಲಿಲ್ಲ, ಒಳಗೆ ಬಿಟ್ಟುಕೊಂಡವರೇ ಕಡಿಮೆ. ಆ ರಾತ್ರಿ ಕೀಲಿಕೈಯನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದ್ದರು. 2009ರ ನೆರೆಯ ವೇಳೆ ನಡುರಾತ್ರಿ ಮಳೆಯಲ್ಲಿ ನಡೆದು ಬಂದು ಕಚೇರಿ ತೆಗೆದು, ಕೆಳಗಿನ ಕಪಾಟಿನ ಕಡತಗಳನ್ನೆಲ್ಲ ಮೇಜಿನ ಮೇಲೆ ಏರಿಸಿದ್ದರು. 33 ವರ್ಷದಲ್ಲಿ ಒಂದು ಸಲವೂ ಕೀಲಿ ಕಳೆದಿಲ್ಲ, ಒಂದು ದಿನವೂ ಸಾಹೇಬರು ಬಾಗಿಲ ಹೊರಗೆ ನಿಂತಿಲ್ಲ.

ಹಾಗೇ ಬರೆದೆ. ‘ಮೂರು ಊರುಗಳ ಕಚೇರಿಯ ಕೀಲಿ 33 ವರ್ಷ ಇವರ ಕೈಯಲ್ಲಿತ್ತು. ದಿನಾ ಬೆಳಿಗ್ಗೆ ನಮ್ಮೆಲ್ಲರಿಗಿಂತ ಮೊದಲು ಬಂದು ಬಾಗಿಲು ತೆರೆದವರು ಇವರು.’ ‘ಆಗಿ’ ಎಂಬುದು ಬೇಕಾಗಲಿಲ್ಲ.

ಓದಿ ಹೇಳಿದೆ. ದಫ್ತರದ ಗಂಟಿನ ಮೇಲೆ ಕೈಯಿಟ್ಟುಕೊಂಡು ಪೂರ್ತಿ ಕೇಳಿದರು. ಆಮೇಲೆ ಒಂದು ತಿದ್ದುಪಡಿ ಹೇಳಿದರು.

“ಬಾಗಲಾ ಒಂದ ಅಲ್ರಿ, ಕಿಟಕಿ ಅಂತನೂ ಹಾಕ್ರಿ. ಕಿಟಕಿ ತೆಗೀದಿದ್ರ ಹಳೇ ಕಾಗದದ ವಾಸನಿ ಹೋಗಂಗಿಲ್ಲ.”

‘ಬಾಗಿಲು, ಕಿಟಕಿ’ ಎಂದು ತಿದ್ದಿ, ಡಿಟಿಪಿ ಅಂಗಡಿಗೆ ಕೊಟ್ಟು ಬಂದೆ.